ಋಣ ಘಾತಾಂಕ ಇರುವ ಬೀಜೋಕ್ತಿ: ಉತ್ತರ ಪುಸ್ತಕಕ್ಕೆ ತಾಳೆಯಾಗುತ್ತಿಲ್ಲ, ಎಲ್ಲಿ ತಪ್ಪುತ್ತಿದೆ?

ಹಾಳೆಪೆನ್ಸಿಲ್ (ಪ್ರಶ್ನೆ)

ಎಂಟು-ಒಂಬತ್ತನೇ ತರಗತಿ ಮಟ್ಟದ ಲೆಕ್ಕಗಳು. ಕನ್ನಡ ಕೀಲಿಮಣೆಯಿಂದ ಟೈಪ್ ಮಾಡುತ್ತಿರುವುದರಿಂದ ಪುಸ್ತಕದ ಎಕ್ಸ್, ವೈ ಜಾಗದಲ್ಲಿ ಅ, ಬ ಬರೆದಿದ್ದೇನೆ. ಭಿನ್ನರಾಶಿಯ ಗೆರೆಗೆ ಬದಲು ÷ ಹಾಕಿದ್ದೇನೆ. ಚೌಕ ಆವರಣದೊಳಗೆ ಇರುವುದೆಲ್ಲ ಪೂರ್ತಿ ಅಂಶ ಅಥವಾ ಪೂರ್ತಿ ಛೇದ ಎಂದು ಓದಿಕೊಳ್ಳಿ.

ಲೆಕ್ಕ 1: ಸುಲಭೀಕರಿಸಿ, [(−3ಅ²ಬ⁻³)² × 2ಅ⁻⁵ಬ] ÷ [6ಅ⁻³ಬ⁻²]

ಮಾಡಿದ ಕ್ರಮ:
(−3ಅ²ಬ⁻³)² = −9ಅ⁴ಬ⁻⁶
−9ಅ⁴ಬ⁻⁶ × 2ಅ⁻⁵ಬ = −18ಅ⁻¹ಬ⁻⁵
−18 ÷ 6 = −3
ಅ-ದ ಘಾತಾಂಕ: −1 − 3 = −4
ಬ-ದ ಘಾತಾಂಕ: −5 − 2 = −7
ಬಂದ ಉತ್ತರ: −3 ÷ (ಅ⁴ಬ⁷)
ಪುಸ್ತಕದ ಉತ್ತರ: 3ಅ² ÷ ಬ³

ಲೆಕ್ಕ 2: ಸುಲಭೀಕರಿಸಿ, [ಅ⁻¹ + ಬ⁻¹] ÷ [ಅ⁻² − ಬ⁻²]

ಘಾತಾಂಕ ಋಣವಾಗಿದ್ದರೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಹೋಗುತ್ತದೆ ಎಂಬ ನಿಯಮ ಹಾಕಿದರೆ [ಅ² − ಬ²] ÷ [ಅ + ಬ], ಅಂದರೆ ಅ − ಬ ಬರುತ್ತದೆ. ಪುಸ್ತಕದಲ್ಲಿ ಅಬ ÷ (ಬ − ಅ) ಎಂದಿದೆ.

ಗುಣಿಸಿದರೆ ಘಾತಾಂಕ ಕೂಡಬೇಕು, ಭಾಗಿಸಿದರೆ ಕಳೆಯಬೇಕು, ಘಾತದ ಮೇಲೆ ಘಾತ ಬಂದರೆ ಗುಣಿಸಬೇಕು: ಇವೆಲ್ಲ ಬಾಯಿಪಾಠ ಇವೆ. ಹಾಗಿದ್ದೂ ಎರಡರಲ್ಲೂ ಉತ್ತರ ತಪ್ಪುತ್ತಿರುವುದು ಏಕೆ? ಪುಸ್ತಕದ ಹಿಂದಿನ ಪುಟ ನೋಡದೆ ಉತ್ತರ ಸರಿಯೋ ತಪ್ಪೋ ತಿಳಿಯುವ ದಾರಿ ಇದ್ದರೆ ಅದನ್ನೂ ಹೇಳಿ.

---

ಗುಣಕ

ಲೆಕ್ಕ 1ರಲ್ಲಿ ಎರಡು ಕಡೆ ಜಾರಿದೆ. ಉಳಿದದ್ದು ಸರಿ ಇದೆ: ಅ² ವರ್ಗವಾಗಿ ಅ⁴, ಬ⁻³ ವರ್ಗವಾಗಿ ಬ⁻⁶ ಆದದ್ದು ಸರಿ. ಒಂಟಿ ಬ-ಗೆ ಘಾತಾಂಕ 1 ಎಂದು ಹಿಡಿದು −6 + 1 = −5 ಮಾಡಿದ್ದೂ ಸರಿ. ಎಷ್ಟೋ ಜನ ಆ ಕಾಣದ 1 ಅನ್ನೇ ಬಿಟ್ಟುಬಿಡುತ್ತಾರೆ.

ಮೊದಲ ತಪ್ಪು ಮೊದಲ ಸಾಲಿನಲ್ಲೇ ಇದೆ. ಘಾತಾಂಕ ಯಾವುದಕ್ಕೆ ಅಂಟಿಕೊಂಡಿದೆಯೋ ಅದಕ್ಕೆ ಮಾತ್ರ ಸಲ್ಲುತ್ತದೆ. (−3ಅ²ಬ⁻³)² ಎಂಬಲ್ಲಿ ಹೊರಗಿನ 2 ಅಂಟಿರುವುದು ಆವರಣಕ್ಕೆ. ಆದ್ದರಿಂದ ಒಳಗಿನ ಎಲ್ಲ ಅಪವರ್ತನಗಳೂ ವರ್ಗವಾಗಬೇಕು, ಋಣ ಚಿಹ್ನೆಯೂ ಸೇರಿ. (−3) × (−3) = 9. ಆವರಣವಿಲ್ಲದ −3² ಬೇರೆಯೇ ಮಾತು. ಅಲ್ಲಿ 2 ಅಂಟಿರುವುದು 3ಕ್ಕೆ ಮಾತ್ರ, ಮೊದಲು 9 ಮಾಡಿ ಆಮೇಲೆ ಋಣ ಚಿಹ್ನೆ ಹಾಕಬೇಕು, −9. ಘಾತಾಂಕ ಬೆಸ ಸಂಖ್ಯೆಯಾದಾಗ ಎರಡೂ ಒಂದೇ ಆಗಿಬಿಡುತ್ತವೆ: (−3)³ ಕೂಡ −27, −3³ ಕೂಡ −27. ಹಾಗಾಗಿ ಘನದ ಲೆಕ್ಕಗಳಲ್ಲಿ ಈ ತಪ್ಪು ಸಿಕ್ಕಿಬೀಳುವುದಿಲ್ಲ. ಅಭ್ಯಾಸವಾಗಿ ಉಳಿದು ವರ್ಗ ಬಂದಾಗ ಕೈಕೊಡುತ್ತದೆ.

ಅಂಟಿಕೊಂಡಿರುವುದಕ್ಕೆ ಮಾತ್ರ ಎಂಬ ಈ ಒಂದು ಮಾತು ಹಿಡಿದರೆ ಕೆಳಗಿನ ಜೋಡಿಗಳಲ್ಲಿ ಗೊಂದಲವಾಗುವುದಿಲ್ಲ:

3ಅ⁻² = 3 ÷ ಅ² (ಘಾತಾಂಕ ಅ-ಗೆ ಮಾತ್ರ ಸೇರಿದ್ದು, 3 ಮೇಲೆಯೇ ಉಳಿಯುತ್ತದೆ)
(3ಅ)⁻² = 1 ÷ (9ಅ²)
5ಅ⁰ = 5
(5ಅ)⁰ = 1
−5⁰ = −1

ಸೊನ್ನೆ ಘಾತಾಂಕ ಇರುವಲ್ಲಿ ಅ ಸೊನ್ನೆಯಾಗಿರಬಾರದು.

ಎರಡನೇ ತಪ್ಪು ಭಾಗಾಕಾರದಲ್ಲಿ. ನಿಯಮ ಹೇಳುವುದು "ಮೇಲಿನ ಘಾತಾಂಕದಿಂದ ಕೆಳಗಿನ ಘಾತಾಂಕ ಕಳೆ" ಎಂದು. ಕೆಳಗಿನ ಘಾತಾಂಕ 3 ಅಲ್ಲ, −3. ಹಾಗಾಗಿ −1 − (−3) = −1 + 3 = 2. ನೀವು ಛೇದದ ಋಣ ಚಿಹ್ನೆಯನ್ನೇ ಕಳೆಯುವ ಚಿಹ್ನೆ ಎಂದು ಬಳಸಿಕೊಂಡಿದ್ದೀರಿ. ಇದ್ದದ್ದು ಎರಡು ಚಿಹ್ನೆ, ಬರೆದದ್ದು ಒಂದೇ. ನಿಯಮ ಮರೆತರೂ ಅರ್ಥದಿಂದ ಇದನ್ನು ಹಿಡಿಯಬಹುದು: ಅ⁻³ ಅಂದರೆ 1 ÷ ಅ³. ಅದರಿಂದ ಭಾಗಿಸುವುದೆಂದರೆ ಅ³ನಿಂದ ಗುಣಿಸುವುದು. ಗುಣಿಸಿದ ಮೇಲೆ ಅ-ದ ಘಾತಾಂಕ ಏರಲೇಬೇಕು. ನಿಮ್ಮ ಲೆಕ್ಕದಲ್ಲಿ ಅದು −1ರಿಂದ −4ಕ್ಕೆ ಇಳಿದಿದೆ.

ಇಂಥ ಲೆಕ್ಕವನ್ನು ಒಂದೇ ಸಾಲಿನಲ್ಲಿ ಎಳೆದುಕೊಂಡು ಹೋಗುವ ಬದಲು ಸಂಖ್ಯೆಗೊಂದು, ಪ್ರತಿ ಅಕ್ಷರಕ್ಕೊಂದು ಸಾಲು ಇಡಿ. ಋಣ ಘಾತಾಂಕವನ್ನು ಯಾವಾಗಲೂ ಆವರಣದೊಳಗೆ ಬರೆಯಿರಿ:

ಸಂಖ್ಯೆ: (−3)² × 2 ÷ 6 = 9 × 2 ÷ 6 = 3
ಅ: (2 × 2) + (−5) − (−3) = 4 − 5 + 3 = 2
ಬ: (−3 × 2) + 1 − (−2) = −6 + 1 + 2 = −3

ಜೋಡಿಸಿದರೆ 3ಅ²ಬ⁻³, ಅಂದರೆ 3ಅ² ÷ ಬ³. ಪುಸ್ತಕದ್ದೇ ಉತ್ತರ.

ಹೀಗೆ ಬೇರೆ ಬೇರೆ ಸಾಲು ಮಾಡುವುದರಿಂದ ಇನ್ನೊಂದು ಲಾಭವಿದೆ. ಸಹಗುಣಕಗಳನ್ನು ಗುಣಿಸಬೇಕು, ಭಾಗಿಸಬೇಕು. ಘಾತಾಂಕಗಳನ್ನು ಕೂಡಬೇಕು, ಕಳೆಯಬೇಕು. ಒಂದೇ ಸಾಲಿನಲ್ಲಿದ್ದರೆ ಇವೆರಡೂ ಬೆರೆತು 2³ × 2⁴ = 4⁷ ಎಂಬಂಥದ್ದು ಹುಟ್ಟಿಕೊಳ್ಳುತ್ತದೆ. ಆಧಾರ ಬದಲಾಗಬಾರದು: ಸರಿಯಾದದ್ದು 2⁷ = 128. 4⁷ ಎಂದರೆ 16384.

---

ಸೀಮೆಸುಣ್ಣ

ಲೆಕ್ಕ 2ರ ತಪ್ಪು ಇನ್ನೂ ಆಳದ್ದು, ಏಕೆಂದರೆ ಅಲ್ಲಿ ಹಾಕಿದ ನಿಯಮ ತಪ್ಪಲ್ಲ, ಹಾಕಿದ ಜಾಗ ತಪ್ಪು. ಮೇಲೆ-ಕೆಳಗೆ ದಾಟಿಸಬಹುದಾದದ್ದು ಅಪವರ್ತನವನ್ನು ಮಾತ್ರ. ಅಂಶದ ಉಳಿದೆಲ್ಲದರ ಜೊತೆ ಗುಣಾಕಾರದಲ್ಲಿ ಇರುವುದನ್ನು ಛೇದಕ್ಕೆ ಇಳಿಸಬಹುದು. ಕೂಡುವ ಅಥವಾ ಕಳೆಯುವ ಚಿಹ್ನೆಯಿಂದ ಸೇರಿಕೊಂಡ ಪದವನ್ನು ಹಾಗೆ ಇಳಿಸುವಂತಿಲ್ಲ.

(ಅಬ)⁻¹ = ಅ⁻¹ಬ⁻¹ ಸರಿ. (ಅ + ಬ)⁻¹ = ಅ⁻¹ + ಬ⁻¹ ತಪ್ಪು. ಅ = 2, ಬ = 3 ಇಟ್ಟು ನೋಡಿ: 2⁻¹ + 3⁻¹ ಅಂದರೆ 1/2 + 1/3 = 5/6. (2 + 3)⁻¹ ಅಂದರೆ 1/5. ಎರಡಕ್ಕೂ ಸಂಬಂಧವೇ ಇಲ್ಲ. (ಅ + ಬ)² = ಅ² + ಬ² ಎಂದು ಬರೆಯುವುದು ಇದೇ ತಪ್ಪಿನ ಇನ್ನೊಂದು ಮುಖ; ಅಲ್ಲಿ 2ಅಬ ಕಳೆದುಹೋಗುತ್ತದೆ. ಘಾತಾಂಕ ಗುಣಾಕಾರ-ಭಾಗಾಕಾರಗಳ ಮೇಲೆ ಹಂಚಿಕೆಯಾಗುತ್ತದೆ, ಸಂಕಲನ-ವ್ಯವಕಲನಗಳ ಮೇಲೆ ಆಗುವುದಿಲ್ಲ.

ಹಾಗಾದರೆ ಮಾಡುವುದು ಹೇಗೆ? ಪ್ರತಿ ಅಕ್ಷರಕ್ಕೂ ಲೆಕ್ಕದಲ್ಲಿರುವ ಅತಿ ಚಿಕ್ಕ ಘಾತಾಂಕ ಯಾವುದು ನೋಡಿ. ಇಲ್ಲಿ ಅ-ಗೆ −2, ಬ-ಗೂ −2. ಅದರ ಚಿಹ್ನೆ ಬದಲಿಸಿ ಅಂಶ, ಛೇದ ಎರಡನ್ನೂ ಅ²ಬ²ನಿಂದ ಗುಣಿಸಿ. ಒಂದೇ ಏಟಿಗೆ ಎಲ್ಲ ಋಣ ಘಾತಾಂಕಗಳೂ ಹೋಗುತ್ತವೆ.

ಅಂಶ: ಅ⁻¹ × ಅ²ಬ² = ಅಬ², ಬ⁻¹ × ಅ²ಬ² = ಅ²ಬ
ಛೇದ: ಅ⁻² × ಅ²ಬ² = ಬ², ಬ⁻² × ಅ²ಬ² = ಅ²

ಆಗ [ಅಬ² + ಅ²ಬ] ÷ [ಬ² − ಅ²]. ಛೇದದಲ್ಲಿ ಕ್ರಮ ಗಮನಿಸಿ: ಅ⁻² ಇದ್ದ ಜಾಗಕ್ಕೆ ಬ² ಬಂದಿದೆ. ಇಲ್ಲಿ ರೂಢಿಯಂತೆ ಅ² − ಬ² ಎಂದು ಬರೆದುಬಿಟ್ಟರೆ ಉತ್ತರದ ಚಿಹ್ನೆ ತಿರುಗುಮುರುಗಾಗುತ್ತದೆ.

ಈಗ ಅಪವರ್ತಿಸಿ: [ಅಬ(ಬ + ಅ)] ÷ [(ಬ − ಅ)(ಬ + ಅ)]. (ಬ + ಅ) ಈಗ ಎರಡೂ ಕಡೆ ಅಪವರ್ತನವಾಗಿ ನಿಂತಿದೆ, ಹೊಡೆದುಹಾಕಬಹುದು. ಉಳಿದದ್ದು ಅಬ ÷ (ಬ − ಅ).

ಕಣ್ಣು ಪಳಗಿದವರಿಗೆ ಇನ್ನೂ ಚಿಕ್ಕ ದಾರಿ ಇದೆ, ನನಗೆ ಇಷ್ಟವಾದದ್ದೂ ಅದೇ. ಅ⁻¹ ಅನ್ನು ಪ, ಬ⁻¹ ಅನ್ನು ಕ ಎಂದು ಕರೆಯಿರಿ. ಅ⁻² ಎಂದರೆ ಪ², ಬ⁻² ಎಂದರೆ ಕ². ಲೆಕ್ಕ (ಪ + ಕ) ÷ (ಪ² − ಕ²) ಆಯಿತು. ವರ್ಗಗಳ ವ್ಯತ್ಯಾಸ ಎದುರಿಗೇ ಇದೆ: 1 ÷ (ಪ − ಕ). ವಾಪಸ್ ಇಟ್ಟರೆ 1 ÷ (1/ಅ − 1/ಬ) = ಅಬ ÷ (ಬ − ಅ).

ಷರತ್ತುಗಳು: ಅ, ಬ ಎರಡೂ ಸೊನ್ನೆಯಲ್ಲ; ಅ = ಬ ಆಗಬಾರದು; ಅ = −ಬ ಕೂಡ ಆಗಬಾರದು. ಕೊನೆಯ ಷರತ್ತು ಅಂತಿಮ ಉತ್ತರದಲ್ಲಿ ಕಾಣುವುದಿಲ್ಲ, ಏಕೆಂದರೆ (ಬ + ಅ) ಹೊಡೆದುಹಾಕಿದಾಗ ಅದೂ ಹೋಯಿತು. ಮೂಲ ಬೀಜೋಕ್ತಿಯಲ್ಲಿ ಮಾತ್ರ ಅ = −ಬ ಇಟ್ಟರೆ 0 ÷ 0 ಬರುತ್ತದೆ.

---

ತಾಳೆಪಟ್ಟಿ

ಹಿಂದಿನ ಪುಟ ನೋಡದೆ ಪರೀಕ್ಷಿಸುವ ದಾರಿ: ಅಕ್ಷರಗಳಿಗೆ ಬೆಲೆ ಕೊಟ್ಟು ಮೂಲ ಬೀಜೋಕ್ತಿ, ಉತ್ತರ ಎರಡನ್ನೂ ಲೆಕ್ಕ ಹಾಕುವುದು. ಆದರೆ ಯಾವ ಬೆಲೆ ಕೊಡುತ್ತೀರಿ ಎಂಬುದು ಮುಖ್ಯ.

0 ಕೊಟ್ಟರೆ ಋಣ ಘಾತಾಂಕಕ್ಕೆ ಅರ್ಥವೇ ಇಲ್ಲ. 1 ಕೊಟ್ಟರೆ ಯಾವ ಘಾತಾಂಕ ಇದ್ದರೂ 1 ಬರುತ್ತದೆ, ಘಾತಾಂಕದ ತಪ್ಪು ಕಾಣುವುದಿಲ್ಲ. −1 ಕೊಟ್ಟರೆ ಸಮ-ಬೆಸ ಮಾತ್ರ ತಿಳಿಯುತ್ತದೆ. ಎಲ್ಲರೂ ಮೊದಲು ಹಿಡಿಯುವ 2 ಕೂಡ ಒಳ್ಳೆಯದಲ್ಲ, ಏಕೆಂದರೆ 2², 2 × 2, 2 + 2 ಮೂರೂ 4. ಅ² ಬರೆಯುವಲ್ಲಿ 2ಅ ಬರೆದಿದ್ದರೆ 2 ಅದನ್ನು ಮುಚ್ಚಿಹಾಕುತ್ತದೆ. 3 ಅಥವಾ 5 ಕೊಡಿ.

ಲೆಕ್ಕ 1ರಂತೆ ಬರೀ ಗುಣಾಕಾರ-ಭಾಗಾಕಾರ ಇರುವ ಕಡೆ ತಪ್ಪು ಎಲ್ಲಿದೆ ಎಂಬುದನ್ನೂ ಹೀಗೆ ಹಿಡಿಯಬಹುದು. ಮೂರು ಸುತ್ತು ಸಾಕು.

ಅ = 1, ಬ = 1: ಮೂಲ ಬೀಜೋಕ್ತಿ (−3)² × 2 ÷ 6 = 3. ನಿಮ್ಮ ಉತ್ತರ −3. ಅಂದರೆ ಸಹಗುಣಕ ಅಥವಾ ಚಿಹ್ನೆ ತಪ್ಪು. 1 ಇಲ್ಲಿ ಉಪಯೋಗಕ್ಕೆ ಬರುವುದು ಘಾತಾಂಕಗಳನ್ನು ಅದು ಅಡಗಿಸುತ್ತದೆ ಎಂಬ ಕಾರಣಕ್ಕೇ.

ಅ = 3, ಬ = 1: ಮೂಲದ ಅಂಶ (−27)² × 2 ÷ 243 = 6, ಛೇದ 6 ÷ 27 = 2/9. 6 ÷ (2/9) = 27. ಸಹಗುಣಕ 3 ತೆಗೆದರೆ 9 ಉಳಿಯುತ್ತದೆ, ಅದು 3². ಅ-ದ ಘಾತಾಂಕ 2 ಇರಲೇಬೇಕು. ನಿಮ್ಮ ಉತ್ತರದಲ್ಲಿ −4 ಇದೆ.

ಅ = 1, ಬ = 3: ಅಂಶ (−1/9)² × 6 = 2/27, ಛೇದ 6/9 = 2/3. ಭಾಗಿಸಿದರೆ 1/9. ಸಹಗುಣಕ 3 ತೆಗೆದರೆ 1/27, ಅಂದರೆ 3⁻³. ಬ-ದ ಘಾತಾಂಕ −3.

ಒಂದೇ ಪದದ ಉತ್ತರಕ್ಕೆ ಇದು ಬರೀ ಅಂದಾಜಿನ ಪರೀಕ್ಷೆಯಲ್ಲ. 3ರ ಎರಡು ಬೇರೆ ಘಾತಗಳು ಎಂದೂ ಸಮವಾಗುವುದಿಲ್ಲವಾದ್ದರಿಂದ ಘಾತಾಂಕ ಖಚಿತವಾಗಿ ಸಿಗುತ್ತದೆ. ಲೆಕ್ಕ 2ರಂತೆ ಕೂಡುವ ಚಿಹ್ನೆ ಇದ್ದರೆ ಅಷ್ಟು ಗಟ್ಟಿಯಿಲ್ಲ. ಅಲ್ಲಿ ಒಂದು ಬೆಲೆಗೆ ತಾಳೆಯಾಗದಿದ್ದರೆ ತಪ್ಪು ಎಂಬುದು ಖಾತ್ರಿ, ತಾಳೆಯಾದರೆ ಸರಿ ಎಂಬುದು ಖಾತ್ರಿಯಲ್ಲ. ಆದರೂ ಅ = 2, ಬ = 3 ಇಟ್ಟಾಗ ಮೂಲ (5/6) ÷ (5/36) = 6, ನಿಮ್ಮ ಅ − ಬ ಮಾತ್ರ −1. ತಪ್ಪು ತಿಳಿಯಲು ಅಷ್ಟೇ ಸಾಕಾಯಿತು.

ಕಂಪ್ಯೂಟರಿನಲ್ಲಿ ಪರೀಕ್ಷಿಸುವವರಿಗೆ ಒಂದು ಎಚ್ಚರಿಕೆ. ಎಕ್ಸೆಲ್‌ನ ಕೋಶದಲ್ಲಿ =-3^2 ಎಂದು ಹಾಕಿದರೆ (^ ಎಂಬುದು ಘಾತದ ಚಿಹ್ನೆ) 9 ಬರುತ್ತದೆ, ಏಕೆಂದರೆ ಅದು ಋಣ ಚಿಹ್ನೆಯನ್ನು ಮೊದಲು 3ಕ್ಕೆ ಸೇರಿಸಿಕೊಳ್ಳುತ್ತದೆ. ಪೈಥಾನ್‌ನಲ್ಲಿ -3**2 ಹಾಕಿದರೆ (ಅಲ್ಲಿ ಘಾತದ ಚಿಹ್ನೆ **) −9. ಗಣಿತದ ರೂಢಿ ಪೈಥಾನ್‌ನದ್ದು. ಘಾತದ ಮೇಲೆ ಘಾತ ಬಂದಾಗಲೂ ಹೀಗೆಯೇ: 2^3^2 ಎಂದರೆ ಎಕ್ಸೆಲ್ ಎಡದಿಂದ ಹಿಡಿದು (2³)² = 64 ಕೊಡುತ್ತದೆ, ಪೈಥಾನ್ 2**3**2 ಎಂಬುದನ್ನು ಮೇಲಿನಿಂದ ಹಿಡಿದು 2⁹ = 512 ಕೊಡುತ್ತದೆ. ಆವರಣ ಹಾಕಿಬಿಟ್ಟರೆ ಎರಡೂ ಕಡೆ ಒಂದೇ ಉತ್ತರ.

---

ಹಾಳೆಪೆನ್ಸಿಲ್

ಎಲ್ಲರಿಗೂ ಧನ್ಯವಾದ. ಸಾಲು ಬೇರೆ ಮಾಡುವ ಕ್ರಮ, 3 ಇಟ್ಟು ನೋಡುವ ಕ್ರಮ ಎರಡೂ ಸ್ಪಷ್ಟವಾದವು. ಇದೇ ಅಧ್ಯಾಯದ ಇನ್ನೆರಡು ಉಳಿದಿವೆ:

ಲೆಕ್ಕ 3: [27ಅ⁶ ÷ (8ಬ⁻³)]^(−2/3)
ಲೆಕ್ಕ 4: [2^(ನ+4) − 2 × 2^ನ] ÷ [2 × 2^(ನ+3)]

ಮೂರನೆಯದರಲ್ಲಿ ಘಾತಾಂಕ ಋಣವೂ ಹೌದು, ಭಿನ್ನರಾಶಿಯೂ ಹೌದು, ಯಾವುದನ್ನು ಮೊದಲು ಹಿಡಿಯಬೇಕು? ನಾಲ್ಕನೆಯದರಲ್ಲಿ 2 × 2^ನ = 4^ನ ಎಂದು ಬರೆದು ಮುಂದಕ್ಕೆ ಹೋಗಲಾಗುತ್ತಿಲ್ಲ.

---

ಗುಣಕ

ನಾಲ್ಕನೆಯದು ಮೊದಲು. 2 × 2^ನ ಎಂಬಲ್ಲಿ ಮುಂದಿನ 2ಕ್ಕೆ ಘಾತಾಂಕ 1 ಇದೆ. ಆಧಾರ ಒಂದೇ, ಘಾತಾಂಕ ಕೂಡಿ: 2^(ನ+1). 4^ನ ಆಗಬೇಕಾದರೆ 2^ನ × 2^ನ ಇರಬೇಕಿತ್ತು. ನ = 3 ಇಟ್ಟರೆ 2 × 8 = 16, ಆದರೆ 4³ = 64.

ಇನ್ನೊಂದು ಕಡೆಯೂ ಕಾಲು ಜಾರುತ್ತದೆ: 2^(ನ+4) − 2^(ನ+1) ನೋಡಿದ ಕೂಡಲೇ ಘಾತಾಂಕ ಕಳೆದು 2³ ಎಂದುಬಿಡುವುದು. ಘಾತಾಂಕ ಕಳೆಯುವುದು ಭಾಗಾಕಾರದಲ್ಲಿ. ಪದಗಳ ನಡುವೆ ವ್ಯವಕಲನವಿದ್ದರೆ ಸಾಮಾನ್ಯ ಅಪವರ್ತನ ಹೊರತೆಗೆಯುವುದೊಂದೇ ದಾರಿ. ಎಲ್ಲ ಪದಗಳಲ್ಲೂ 2^ನ ಇದೆ, ಹೊರಗೆ ತನ್ನಿ:

ಅಂಶ: 2^ನ × (2⁴ − 2) = 2^ನ × 14
ಛೇದ: 2^ನ × (2 × 2³) = 2^ನ × 16

2^ನ ಎಂದೂ ಸೊನ್ನೆಯಾಗುವುದಿಲ್ಲ, ನಿಶ್ಚಿಂತೆಯಿಂದ ಹೊಡೆದುಹಾಕಿ. 14/16 = 7/8. ಉತ್ತರದಲ್ಲಿ ನ ಉಳಿದಿಲ್ಲ, ಹಾಗಾಗಿ ನ = 0 ಇಟ್ಟೇ ತಾಳೆ ನೋಡಬಹುದು: (16 − 2) ÷ (2 × 8) = 14/16.

ಮೂರನೆಯದರಲ್ಲಿ ಋಣ ಚಿಹ್ನೆಯನ್ನು ಮೊದಲು ಕಳೆಯಿರಿ. ಆವರಣದೊಳಗೆ ಒಂದೇ ಭಿನ್ನರಾಶಿ ಇರುವುದರಿಂದ ಅದನ್ನು ಪೂರ್ತಿ ತಲೆಕೆಳಗು ಮಾಡಬಹುದು, ಹೊರಗಿನ ಘಾತಾಂಕ ಧನವಾಗುತ್ತದೆ: [8ಬ⁻³ ÷ (27ಅ⁶)]^(2/3). ಒಳಗಿನ ಬ⁻³ ಹಾಗೆಯೇ ಇರುತ್ತದೆ ಎಂಬುದನ್ನು ಗಮನಿಸಿ. ತಿರುಗಿಸಿದಾಗ ಜಾಗ ಬದಲಾಯಿತೇ ಹೊರತು ಅದರ ಘಾತಾಂಕ ಬದಲಾಗಲಿಲ್ಲ. ಜಾಗವನ್ನೂ ಚಿಹ್ನೆಯನ್ನೂ ಒಟ್ಟಿಗೆ ಬದಲಿಸಿದರೆ ಅದೇ ಕೆಲಸ ಎರಡು ಸಲ ಮಾಡಿದಂತೆ.

ಇನ್ನು 2/3. ಛೇದದ 3 ಘನಮೂಲ ತೆಗೆಯಲು ಹೇಳುತ್ತದೆ, ಅಂಶದ 2 ವರ್ಗ ಮಾಡಲು. ಕ್ರಮ ಯಾವುದಾದರೂ ಉತ್ತರ ಒಂದೇ. ಆದರೆ ಮೂಲ ಮೊದಲು ತೆಗೆದರೆ ಸಂಖ್ಯೆಗಳು ಚಿಕ್ಕವಾಗಿ ಉಳಿಯುತ್ತವೆ. 27ರ ಘನಮೂಲ 3, ವರ್ಗ 9. ಮೊದಲು ವರ್ಗ ಮಾಡಿದರೆ 729ರ ಘನಮೂಲ ಹುಡುಕುತ್ತ ಕೂರಬೇಕು.

8^(2/3) = 4
27^(2/3) = 9
ಬ: −3 × 2/3 = −2
ಅ: 6 × 2/3 = 4

ಉತ್ತರ: 4ಬ⁻² ÷ (9ಅ⁴), ಅಂದರೆ 4 ÷ (9ಅ⁴ಬ²).

8^(2/3) ಅನ್ನು 8 × 2/3 ಎಂದು ಗುಣಿಸಿ 16/3 ಬರೆಯುವುದು ಇಲ್ಲಿ ಹೆಚ್ಚು ಕಾಣುವ ತಪ್ಪು. 2/3 ಗುಣಿಸಬೇಕಾದದ್ದು ಘಾತಾಂಕವನ್ನು. 8 ಅನ್ನು 2³ ಎಂದು ಬರೆದುಕೊಂಡರೆ ಗೊಂದಲವಿಲ್ಲ: 3 × 2/3 = 2, ಆದ್ದರಿಂದ 2². ಸಂಖ್ಯೆ ಕಂಡ ಕೂಡಲೇ ಅವಿಭಾಜ್ಯ ಅಪವರ್ತನಗಳಾಗಿ ಒಡೆಯುವುದು ಬೇರೆ ಬೇರೆ ಆಧಾರ ಇರುವ ಲೆಕ್ಕಗಳಿಗೂ ಮದ್ದು. (12³ × 9²) ÷ 6⁵ ನೋಡಲು ದೊಡ್ಡದು; ಒಡೆದರೆ (2⁶ × 3³ × 3⁴) ÷ (2⁵ × 3⁵) = 2 × 3² = 18.

---

ಸೀಮೆಸುಣ್ಣ

ಭಿನ್ನರಾಶಿ ಘಾತಾಂಕದ ಬಗ್ಗೆ ಒಂದು ಮಾತು ಸೇರಿಸಬೇಕು. ಒಂಬತ್ತನೇ ತರಗತಿ ಪುಸ್ತಕದಲ್ಲಿ ಈ ನಿಯಮಗಳನ್ನು ಹೇಳುವಾಗ ಆಧಾರ ಸೊನ್ನೆಗಿಂತ ದೊಡ್ಡದಾಗಿರಬೇಕು ಎಂಬ ಷರತ್ತು ಇರುತ್ತದೆ. ಓದುವಾಗ ಅದನ್ನು ಹಾರಿಸಿಬಿಡುತ್ತೇವೆ, ಆದರೆ ಅದಿಲ್ಲದೆ ನಿಯಮಗಳೇ ನಿಲ್ಲುವುದಿಲ್ಲ. (ಅ²)^(1/2) = ಅ ಎಂದು ಬರೆದು ಅ = −5 ಇಡಿ: ಎಡಗಡೆ 25ರ ವರ್ಗಮೂಲ 5, ಬಲಗಡೆ −5. ಅ-ದ ಚಿಹ್ನೆ ಗೊತ್ತಿಲ್ಲದಿದ್ದರೆ ಉತ್ತರ |ಅ| ಎಂದೇ ಬರೆಯಬೇಕು. ಇನ್ನೊಂದು: −8ರ ಘನಮೂಲ −2. 1/3 ಮತ್ತು 2/6 ಒಂದೇ ಭಿನ್ನರಾಶಿ. ಆದರೆ −8 ಅನ್ನು ಮೊದಲು ವರ್ಗ ಮಾಡಿ 64ರ ಆರನೇ ಮೂಲ ತೆಗೆದರೆ 2 ಬರುತ್ತದೆ. ಷರತ್ತು ಬಿಟ್ಟರೆ ಒಂದೇ ಬರಹಕ್ಕೆ ಎರಡು ಬೆಲೆ.

ಸಮ ಮೂಲಗಳ ಈ ತೊಡಕು ನಮ್ಮ ನೆಲದಲ್ಲಿ ಹಳೆಯ ಕಾಲದಿಂದಲೂ ಗೊತ್ತಿದ್ದದ್ದೇ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಋಣ ಸಂಖ್ಯೆ ಸ್ವಭಾವದಿಂದಲೇ ವರ್ಗವಲ್ಲ, ಹಾಗಾಗಿ ಅದಕ್ಕೆ ವರ್ಗಮೂಲವಿಲ್ಲ ಎಂದು ಖಚಿತವಾಗಿ ಹೇಳಿದ್ದರು.

---

ತಾಳೆಪಟ್ಟಿ

"ಸುಲಭೀಕರಿಸಿ" ಎಂದರೆ ಎಲ್ಲಿಗೆ ನಿಲ್ಲಿಸಬೇಕು ಎಂಬುದೂ ತಿಳಿದಿರಲಿ. ಆವರಣದ ಮೇಲಿನ ಘಾತಾಂಕಗಳು ಉಳಿದಿರಬಾರದು, ಒಂದು ಪದದಲ್ಲಿ ಒಂದು ಅಕ್ಷರ ಒಂದೇ ಸಲ ಬರಬೇಕು, ಸಂಖ್ಯೆಗಳ ಭಿನ್ನರಾಶಿ ಸಂಕ್ಷಿಪ್ತ ರೂಪದಲ್ಲಿರಬೇಕು. ಶಾಲೆಯಲ್ಲಿ ಸಾಮಾನ್ಯವಾಗಿ ಘಾತಾಂಕಗಳೆಲ್ಲ ಧನವಾಗಿರಬೇಕು ಎಂದೂ ಕೇಳುತ್ತಾರೆ. 3ಅ²ಬ⁻³ ಬರೆದರೆ ಬೆಲೆ ತಪ್ಪಲ್ಲ, ಆದರೆ ಪ್ರಶ್ನೆಯಲ್ಲಿ "ಧನ ಘಾತಾಂಕದಲ್ಲಿ ಬರೆಯಿರಿ" ಎಂದಿದ್ದರೆ ಕೊನೆಯ ಹೆಜ್ಜೆ ಇಡದೆ ಬಿಡಬೇಡಿ. ಋಣ ಘಾತಾಂಕವನ್ನು ಮೊದಲಿಗೇ ಕೆಳಗಿಳಿಸುವ ಅವಸರವೂ ಬೇಡ. ಇಳಿಸುವ ಕೆಲಸ ಕಟ್ಟಕಡೆಗೆ ಒಂದೇ ಸಲ ಮಾಡಿದರೆ ಬರೆಯುವುದೂ ಕಡಿಮೆ, ಚಿಹ್ನೆ ತಪ್ಪುವುದೂ ಕಡಿಮೆ.

ಕೈ ಪಳಗಿಸಲು ಒಂದು ಕೊಡುತ್ತೇನೆ, ಇಲ್ಲಿ ಚರ್ಚಿಸಿದ ತಪ್ಪುಗಳಲ್ಲಿ ಹೆಚ್ಚಿನವಕ್ಕೆ ಇದರಲ್ಲಿ ಜಾಗವಿದೆ:

[(2ಅ⁻¹ಬ²)⁻³ × (−4ಅ²)²] ÷ [ಅ⁵ಬ⁻⁴]

ಸಂಖ್ಯೆಯ ಸಾಲಿನಲ್ಲಿ 2⁻³ ಎಂದರೆ 1/8. −6 ಅಲ್ಲ, −8 ಕೂಡ ಅಲ್ಲ. ಉತ್ತರ 2ಅ² ÷ ಬ² ಬರಬೇಕು. ಅ = 3, ಬ = 1 ಇಟ್ಟಾಗ ಅಂಶ (27/8) × 1296 = 4374, ಛೇದ 243, ಭಾಗಿಸಿದರೆ 18. ಬ-ದ ಸಾಲನ್ನು ನೀವೇ ಬರೆದು ಹಾಕಿ, ನೋಡೋಣ.